ಅಡ್ಡಗೆರೆ ಎಳೆದ ಕಾಲಂ

ಹಾಸನ
14-6-1964, ಭಾನುವಾರ

ಪ್ರೀತಿಯ ಲಕ್ಷ್ಮಿದೇವಕ್ಕನಿಗೆ, ನಿನ್ನ ತಂಗಿ ಸುವರ್ಣ ಮಾಡುವ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆದೇ ಕಾಗದ ಶುರು ಮಾಡಬೇಕೆಂದು ನನಗೆ ಕಲಿಸಿದವಳು ನೀನು. ಈ ಸಲ ಆ ಸಾಲು ಬರೆಯಲು ಕೈ ಬರುತ್ತಿಲ್ಲ. ಅಕ್ಕ, ನನಗೆ ಭಯವಾಗಿದೆ. ಈ ಕಾಗದ ಸೇರಿದ ದಿನವೇ ನಿನ್ನ ಸ್ಕೂಲಿಗೆ ರಜಾ ಚೀಟಿ ಕೊಟ್ಟು ಹೊರಟು ಬಾ. ಬಂದು ನಮ್ಮ ಮುದ್ದಿಯನ್ನು ರಾಮನಾಥಪುರಕ್ಕೆ ಕರೆದುಕೊಂಡು ಹೋಗು. ಎಷ್ಟು ದಿನಕ್ಕೆ ಅಂತ ಕೇಳಬೇಡ. ಎರಡು ವರ್ಷದ ಕೂಸು, ಹಟ ಮಾಡುತ್ತಾಳೆ. ಬೆಲ್ಲದ ಚೂರು ಕೊಟ್ಟರೆ ಸುಮ್ಮನಾಗುತ್ತಾಳೆ.

ಯಾಕೆ ಅಂತ ಹೇಳುತ್ತೇನೆ. ಇದು ಫೆಬ್ರವರಿಯಿಂದ ನಿನಗೆ ಮುಚ್ಚಿಟ್ಟ ವಿಷಯ. ನಮ್ಮ ಯಜಮಾನರ ಹೆಸರಿಗೆ ಕ್ಷಯ ಅಂತ ಚೀಟಿ ಬಂದು ನಾಲ್ಕು ತಿಂಗಳಾಯಿತು.

ಚಳಿಗಾಲದಲ್ಲಿ ಅವರು ಒಂದು ತಿಂಗಳು ಬಿಡದೆ ಕೆಮ್ಮಿದರು. ಬಸ್ಸಿನ ಡ್ರೈವರು, ಧೂಳು ಕುಡಿಯುವ ಕೆಲಸ, ಅದರ ಮೇಲೆ ದಿನಕ್ಕೆ ಎರಡು ಕಟ್ಟು ಬೀಡಿ. ಇನ್ನೊಬ್ಬಳಾಗಿದ್ದರೆ ಶುಂಠಿ ಕಷಾಯ ಕೊಟ್ಟು ಸುಮ್ಮನಿರುತ್ತಿದ್ದಳು. ನಾನೋ ಆರೋಗ್ಯ ಕಚೇರಿಯ ಗುಮಾಸ್ತೆ, ಕೆಮ್ಮು ಕೇಳಿದರೆ ಕಿವಿ ನೆಟ್ಟಗಾಗುತ್ತದೆ. ಕಫದ ಡಬ್ಬಿ ಮನೆಗೆ ತಂದೆ. ಬೆಳಿಗ್ಗೆ ತುಂಬಿಸಿ, ಮೇಲೆ ಚಲುವಯ್ಯ, ಮೂವತ್ತೆರಡು ವರ್ಷ ಅಂತ ನಾನೇ ಬರೆದು ಲ್ಯಾಬಿನ ಚನ್ನಪ್ಪನವರಿಗೆ ಕೊಟ್ಟೆ. ಅವರು ಪರೀಕ್ಷೆ ಮಾಡಿ, ಕ್ಷಯ ಅಂತ ಚೀಟಿ ಬರೆದು ನನ್ನ ಕೈಗಿಟ್ಟರು. ಸಂಜೆ ಮನೆಗೇ ಬಂದು ಇವರನ್ನು ಕೂರಿಸಿಕೊಂಡು, "ಮಾತ್ರೆ ನುಂಗಪ್ಪ, ಒಂದೂವರೆ ವರ್ಸ ಬಿಡಬ್ಯಾಡ, ವಾಸಿಯಾಯ್ತದೆ. ನಿಮ್ ಓನರ್ಗೆ ನಾನೇನೂ ಏಳಾಕಿಲ್ಲ ಕಣ" ಅಂದರು. ಹಿಂದಿನ ಡ್ರೈವರನ್ನು ಇದೇ ಕಾಯಿಲೆಗೆ ಓನರು ನಿಂತ ಕಾಲಲ್ಲೇ ಮನೆಗೆ ಕಳಿಸಿದ್ದು ಅವರಿಗೂ ಗೊತ್ತಿತ್ತು.

ಅವತ್ತಿನಿಂದ ಇವರ ತಟ್ಟೆ ಲೋಟ ಬೇರೆ ಮಾಡಿದೆ. ಚಾಪೆ ಜಗಲಿಗೆ ಹಾಕಿದೆ. ಅಪ್ಪನ ಹತ್ತಿರ ಹೋದರೆ ಗುಮ್ಮ ಹಿಡಿಯುತ್ತದೆ ಅಂತ ಮುದ್ದಿಗೆ ಹೇಳಿ ಹೇಳಿ, ಈಗ ಅವರು ಬಾಗಿಲಲ್ಲಿ ಕಂಡರೆ ಸಾಕು ನನ್ನ ಸೆರಗಿನೊಳಗೆ ಹೊಕ್ಕುಬಿಡುತ್ತಾಳೆ. ಮಲಗುವುದು ನನ್ನ ತೋಳ ಮೇಲೆ. ಅವ್ವ ನಮಗೆ ಮಾಡುತ್ತಿದ್ದ ಹಾಗೆ ರೊಟ್ಟಿಯನ್ನು ನಾನೇ ಅಗಿದು ಮೆತ್ತಗೆ ಮಾಡಿ ಬಾಯಿಗಿಡುತ್ತಿದ್ದೆ. ಅವರೋ ಜಗಲಿಯಿಂದ ಮಗು ಆಡುವುದನ್ನು ನೋಡುತ್ತ ಕೂತಿರುತ್ತಿದ್ದರು. ನನ್ನ ಕಲ್ಲೆದೆ ನೋಡು, ನಾನು ಬಾಗಿಲು ಮುಂದೆ ಮಾಡುತ್ತಿದ್ದೆ.

ಅವರು ತುಂಬ ಹೆದರಿದರು ಅಕ್ಕ. ಗಂಡಸರು ಹೆದರಿದರೆ ಹೇಳುವುದಿಲ್ಲವಲ್ಲ. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಯಾವನೋ ಪುಣ್ಯಾತ್ಮ, "ಸಾರಾಯಿ ಎದೆ ಸುಡಾಕಿಲ್ವಾ? ಅಂಗೇ ಒಳಗಿನ ಉಳಾನೂ ಸುಡ್ತದೆ ಕಣ್ಲಾ" ಅಂದನಂತೆ. ಮದುವೆ ಮನೆಯಲ್ಲೂ ಒಂದು ಹನಿ ಬಾಯಿಗೆ ಹಾಕದ ಮನುಷ್ಯ. ಮೊದಮೊದಲು ಔಷಧಿಯ ಹಾಗೆ ಮೂಗು ಮುಚ್ಚಿಕೊಂಡು ಕುಡಿದರು. ಯುಗಾದಿ ಕಳೆಯುವ ಹೊತ್ತಿಗೆ ಮೂಗು ಮುಚ್ಚಿಕೊಳ್ಳುವುದು ನಿಂತಿತ್ತು. ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆಯೇ ಬೇಕಾಯಿತು. ನಾನು ಬೈದೆ, ಕಾಲು ಹಿಡಿದೆ. ಹೇಳಬೇಕಾದ್ದನ್ನು ಮಾತ್ರ ಹೇಳಲಿಲ್ಲ.

ಮೊನ್ನೆ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ, ಅರಕಲಗೂಡು ಇನ್ನು ಎರಡು ಮೈಲಿ ಇರುವಾಗ, ಹೊಗೆಸೊಪ್ಪಿನ ಸಸಿ ಹೊತ್ತು ರಸ್ತೆಯ ಅಂಚಿನಲ್ಲಿ ಹೋಗುತ್ತಿದ್ದ ಗಂಗಯ್ಯ ಅನ್ನುವ ಮುದುಕರಿಗೆ ಇವರ ಬಸ್ಸು ಬಡಿಯಿತು. ಅಲ್ಲೇ ಹೋದರಂತೆ. ಕಂಡಕ್ಟರ್ ಪಾಲಾಕ್ಷ ನಮ್ಮ ಮನೆಗೆ ಬಂದವನು ನೀರು ಕೂಡ ಮುಟ್ಟದೆ ಪಿಸುಗುಟ್ಟಿದ. "ಬ್ರೇಕ್ ಇಡೀಲಿಲ್ಲ ಅಂತ ಬರ್ಸಿವ್ನಿ ಕಣಕ್ಕ. ಬಾಯ್ ವಾಸ್ನೆ ನಂಗೊಬ್ನಿಗೇ ಗೊತ್ತಿರಾದು. ನೀನೂ ಬಾಯ್ ಬುಡಬ್ಯಾಡ." ಓನರು ಜಾಮೀನು ಕೊಟ್ಟು ಇವರನ್ನು ಬಿಡಿಸಿಕೊಂಡು ಬಂದಿದ್ದಾರೆ. ಬುಧವಾರ ಮತ್ತೆ ಬಸ್ಸು ಹತ್ತಬೇಕಂತೆ.

ಇನ್ನು ನನ್ನ ಕಚೇರಿಯ ಸಂಗತಿ ಕೇಳು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ತಾಲೂಕಿನ ಸಾವಿನ ಲೆಕ್ಕದ ತಖ್ತೆ ಬರೆಯುವವಳು ನಾನು. ಅದು ಬೆಂಗಳೂರಿಗೆ ಹೋಗುತ್ತದೆ, ಅಲ್ಲಿಂದ ದಿಲ್ಲಿಗೆ, ಅಲ್ಲಿಂದ ಸಮುದ್ರ ದಾಟಿ ಹೋಗುತ್ತದಂತೆ. ಹೊಸದಾಗಿ ಬಂದಿರುವ ಸಾಹೇಬರು ನಿನ್ನೆ ಹೊರದೇಶದಲ್ಲಿ ಅಚ್ಚಾದ ಪುಸ್ತಕ ತಂದು ತೋರಿಸಿದರು. ಯಾವ ದೇಶದಲ್ಲಿ ಕುಡಿತದಿಂದ ರಸ್ತೆಯಲ್ಲಿ ಎಷ್ಟು ಜನ ಸತ್ತರು, ಕ್ಷಯದಿಂದ ಎಷ್ಟು ಜನ ಸತ್ತರು, ಎಲ್ಲ ಸಾಲುಸಾಲಾಗಿ ಇದೆ. ನಮ್ಮ ತಖ್ತೆ ಪಕ್ಕಕ್ಕಿಟ್ಟುಕೊಂಡು, ನಿಮ್ಮ ಕಡೆ ಕುಡಿತದ ಕಾಲಂನಲ್ಲಿ ವರ್ಷವೆಲ್ಲ ಬರೀ ಅಡ್ಡಗೆರೆಯಲ್ಲಮ್ಮ, ಇಲ್ಲಿಯವರು ಅಷ್ಟು ಒಳ್ಳೆಯವರೇ ಅಂತ ನಕ್ಕರು. ನಾನೂ ನಕ್ಕೆ.

ಆ ಅಡ್ಡಗೆರೆ ಎಲ್ಲಿಂದ ಬರುತ್ತದೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಸತ್ತವರ ಮೇಲೆ ಯಾರು ತಾನೆ ಅಪವಾದ ಬರೆಸುತ್ತಾರೆ? ಕುಡಿದು ಸತ್ತವನು ಕಾಲು ಜಾರಿ ಬಿದ್ದವನಾಗುತ್ತಾನೆ. ರಕ್ತ ಕಾರಿ ಸತ್ತವರು ಜ್ವರದಿಂದ ಸತ್ತವರಾಗುತ್ತಾರೆ. ಕ್ಷಯ ಅಂತ ಬರೆಸಿದರೆ ಆ ಮನೆಯ ಹೆಣ್ಣನ್ನು ಯಾರು ತರುತ್ತಾರೆ? ಅವ್ವ ಹೋದಾಗ ಪಟೇಲರ ಪುಸ್ತಕದಲ್ಲಿ ಜ್ವರ ಅಂತ ಬರೆಸಿದ್ದು ನೀನೇ ಅಲ್ಲವೇ? ನನ್ನ ಮದುವೆಗೆ ತೊಂದರೆಯಾಗಬಾರದು ಅಂತ ಬರೆಸಿದೆ. ರಕ್ತವಾಗಿದ್ದ ಅವಳ ಬಟ್ಟೆಗಳನ್ನು ನಾವಿಬ್ಬರೇ ಹೊಳೆಗೆ ಒಯ್ದು ಒಗೆದದ್ದು. ದೂರುತ್ತಿಲ್ಲ ಅಕ್ಕ. ನಾನಾದರೂ ಅದನ್ನೇ ಬರೆಸುತ್ತಿದ್ದೆ.

ಸಾಹೇಬರು ಅತ್ತ ಹೋದ ಮೇಲೆ ಅರಕಲಗೂಡಿನ ಸಾಲಿಗೆ ಗಂಗಯ್ಯನವರನ್ನು ಸೇರಿಸಿದೆ. ರಸ್ತೆ ಅಪಘಾತ, ಒಂದು. ಪಕ್ಕದ ಕುಡಿತದ ಕಾಲಂನಲ್ಲಿ ಅಡ್ಡಗೆರೆ ಎಳೆದೆ. ಗೆರೆ ಸೊಟ್ಟಗಾಯಿತು. ತಿರುಗಿ ಬಂದ ಸಾಹೇಬರು, ಸ್ಕೇಲ್ ಇಟ್ಟುಕೊಂಡು ಎಳೆಯಮ್ಮ ಅಂದರು.

ಈಗ ಮುದ್ದಿಯ ವಿಷಯ. ಅವಳಿಗೆ ಎರಡು ವಾರದಿಂದ ಕೆಮ್ಮು. ಸಂಜೆಯಾದರೆ ಹಣೆ ಬೆಚ್ಚಗಾಗುತ್ತದೆ. ಅಪ್ಪನ ಹತ್ತಿರ ಸುಳಿಯದ ಮಗುವಿಗೆ ಹೇಗೆ ಬಂತಮ್ಮ ಅಂತ ಚನ್ನಪ್ಪನವರು ಕೇಳಿದರು. ನಾನು ರಿಜಿಸ್ಟರಿನ ಹಾಳೆ ತಿರುವಿದೆ. ನೀನು ಕರೆದುಕೊಂಡು ಹೋದವಳು ತಡ ಮಾಡದೆ ಮೈಸೂರಿನಲ್ಲಿ ಡಾಕ್ಟರಿಗೆ ತೋರಿಸು. ಬೇಗ ತೋರಿಸಿದರೆ ಮಕ್ಕಳು ಉಳಿಯುತ್ತಾರೆ, ಇದು ನಾನು ಕಚೇರಿಯಲ್ಲಿ ಕಣ್ಣಾರೆ ಕಂಡ ಮಾತು. ಅವಳಿಗೆ ಯಾರೂ ಅಗಿದು ಕೊಡಬಾರದು, ಯಾರ ಎಂಜಲೂ ಬೇಡ.

ನಾನು ಚೆನ್ನಾಗಿದ್ದೇನೆ. ಸ್ವಲ್ಪ ಇಳಿದಿದ್ದೇನೆ, ರವಿಕೆಗಳೆಲ್ಲ ಸಡಿಲವಾಗಿವೆ. ಯೋಚನೆಗೆ ಹಾಗಾಗಿದೆ, ನೋಡಿದ ಕೂಡಲೇ ಬೈಯಬೇಡ. ತಡ ಮಾಡದೆ ಬಾ.

ನಿನ್ನ ದಾರಿ ಕಾಯುತ್ತಿರುವ ತಂಗಿ,
ಸುವರ್ಣ

ತಾಜಾ ಕಲಂ, ಸೋಮವಾರ ಬೆಳಿಗ್ಗೆ:

ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಅಕ್ಕ, ಅವರಿಗೆ ಕ್ಷಯ ಇಲ್ಲ. ಫೆಬ್ರವರಿಯಲ್ಲಿ ಅವರು ಉಗಿದು ಕೊಟ್ಟ ಡಬ್ಬಿಯನ್ನು ನಾನು ಬಚ್ಚಲಲ್ಲಿ ಚೆಲ್ಲಿ, ತೊಳೆದು, ನನ್ನ ಕಫ ತುಂಬಿಸಿದ್ದೆ. ಡಬ್ಬಿ ಕೊಡದಿದ್ದರೆ ಚನ್ನಪ್ಪನವರು ಕೇಳುತ್ತಾರೆ, ಕಾಯಿಲೆ ಅಂತ ಅವರ ಹೆಸರು ರಿಜಿಸ್ಟರಿಗೆ ಬಿದ್ದರೆ ಕೆಲಸ ಹೋಗುತ್ತದೆ, ಗುಂಡುಕಲ್ಲಿನ ಹಾಗಿರುವ ನನ್ನ ಕಫವಾದರೆ ಏನೂ ಸಿಗುವುದಿಲ್ಲ ಅಂದುಕೊಂಡೆ. ಸಿಕ್ಕಿತು. ಹೇಳಿದರೆ ಮುದ್ದಿಯನ್ನು ನನ್ನಿಂದ ಕಿತ್ತುಕೊಳ್ಳುತ್ತಾರೆ ಅಂತ ಹೆದರಿ, ನಾಳೆ ಹೇಳೋಣ, ನಾಳೆ ಹೇಳೋಣ ಅಂತ ನಾಲ್ಕು ತಿಂಗಳು ದೂಡಿದೆ. ಅವರ ಕೆಮ್ಮು, ಚೀಟಿ ಬಂದ ಮೇಲೆ ಹೆದರಿ ಬೀಡಿ ಬಿಟ್ಟ ವಾರಕ್ಕೇ ನಿಂತಿತ್ತು. ಹೋದ ತಿಂಗಳು ಬೇರೆ ಹೆಸರಿನಲ್ಲಿ ಇಬ್ಬರ ಕಫವನ್ನೂ ಪರೀಕ್ಷೆಗೆ ಕೊಟ್ಟು ನೋಡಿದೆ. ಅವರದರಲ್ಲಿ ಇಲ್ಲ, ನನ್ನದರಲ್ಲಿ ಇದೆ.

ಈಗ ತಾನೆ ಅವರಿಗೆ ಎಲ್ಲ ಹೇಳಿದೆ. ಹೊಡೆಯುತ್ತಾರೆ ಅಂದುಕೊಂಡೆ, ಹೊಡೆಯಲಿಲ್ಲ. "ಅಂಗಾರೆ ಆ ಗಂಗಯ್ಯ?" ಅಂದರು, ಅಷ್ಟೇ. ಆಮೇಲೆ ಬಂದು ಮುದ್ದಿಯನ್ನು ನನ್ನ ಮಡಿಲಿನಿಂದ ಎತ್ತಿಕೊಂಡು ಒಳಗೆ ಹೋದರು. ನಾನು ಹೊರಗೆ ಕೂತು ಬರೆಯುತ್ತಿದ್ದೇನೆ. ಅವರ ಕೈಯಲ್ಲಿ ಅವಳು ಕಿರುಚುತ್ತಿದ್ದಾಳೆ, ನನ್ನನ್ನೇ ಕರೆಯುತ್ತಿದ್ದಾಳೆ. ನೀನು ಬಂದಾಗ ನಾನು ಎಷ್ಟು ಬೇಡಿಕೊಂಡರೂ ಅವಳನ್ನು ನನ್ನ ಕೈಗೆ ಕೊಡಬೇಡ ಅಕ್ಕ.