ಸೊಳ್ಳೆಬತ್ತಿ ಹಚ್ಚಿದ ದಿನ

ಪೂರಿಗಾಲಿ
ಗುರುವಾರ ಮಧ್ಯಾಹ್ನ

ಅಕ್ಕಾ,

ಮದುವೆಯಾಗಿ ಬಂದು ಹದಿನೆಂಟು ದಿನವಾದರೂ ಈ ರೇಷ್ಮೆಹುಳದ ಮನೆ ನನಗಿನ್ನೂ ಹೊಸದು. ಮೋಡ ಕವಿದು ಬೆಳಿಗ್ಗೆಯೇ ಕರೆಂಟು ಹೋಯಿತು, ಫೋನೂ ಸತ್ತಿದೆ, ಅದಕ್ಕೇ ಈ ಕಾರ್ಡು. ಹಾಲು ಉಕ್ಕಿ ಒಲೆ ಆರಿತು. ಒಣಹಾಕಿದ ಸೀರೆಗಳು ಗಾಳಿಗೆ ಹಾರಿ ತಿಪ್ಪೆ ಸೇರಿದವು. ಫ್ಯಾನಿಲ್ಲದೆ ಸೊಳ್ಳೆ ಮುತ್ತಿದವೆಂದು ಹುಳದ ತಟ್ಟೆಗಳಿರುವ ನಡುಮನೆಯಲ್ಲೇ ಸೊಳ್ಳೆಬತ್ತಿ ಹಚ್ಚಿದೆ. ಸೊಳ್ಳೆ ಸಾಯುವ ಹೊಗೆಗೆ ಹುಳವೂ ಸಾಯುತ್ತದೆಂದು ನನಗೆ ಹೊಳೆಯಲೇ ಇಲ್ಲ ಕಣೇ. ಹಗಲೂ ರಾತ್ರಿ ಸರಸರ ಸೊಪ್ಪು ಮೇಯುತ್ತಿದ್ದವು, ಈಗ ತಟ್ಟೆಗಳಲ್ಲಿ ಸದ್ದೇ ಇಲ್ಲ. ತಲೆ ಎತ್ತಿ ಹಸಿರು ಕಕ್ಕುತ್ತಿವೆ.

ಅತ್ತೆ ಪಕ್ಕದ ತೋಟದವರ ಮೇಲೆ ಕೂಗಾಡುತ್ತಿದ್ದಾರೆ: "ಆ ಜವರಯ್ಯ ಔಸ್ದಿ ಒಡ್ದವ್ನೆ, ಗಾಳೀಲಿ ನಮ್ ಸೊಪ್ಪಿಗೆ ಬಂದು ಕೂತೈತೆ. ಇವತ್ತು ಬುಡಾಕಿಲ್ಲ ಕಣಮ್ಮ ಅವನ್ನ!" ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಉಳಿದ ಬತ್ತಿ ನನ್ನ ಸೂಟ್‌ಕೇಸಿನಲ್ಲಿದೆ.

ನನ್ನ ಕೆಮ್ಮು ವಾಸಿ. ಅಮ್ಮನ ಬಿಪಿ ಮಾತ್ರೆ ತಪ್ಪಿಸಬೇಡ.

ಕಾರ್ಡನ್ನು ಅಂಚೆಗೆ ಹಾಕಲು ಮಾವ ಕೈಚಾಚಿ ನಿಂತಿದ್ದಾರೆ. ಯಾರ ಕಾಗದವಾದರೂ ಅವರು ಬೀದಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದುತ್ತಾರೆ.

ಓದಲಿ. ಕೊಟ್ಟೆ.

ಗಗನ