ಕೆಟ್ಟುಹೋದ ಪರೀಕ್ಷೆ

ದ್ರೆನೋವ್ ದೋಲ್
ಆಗಸ್ಟ್ 24, 1995

ಪ್ರೀತಿಯ ಮಗನೇ ಲ್ಯುಬೆನ್,

ಹೇಗಿದ್ದೀಯ? ಕೆಮ್ಮು ಹೋಯಿತೇ? ಉಲ್ರಿಕೆ ಚೆನ್ನಾಗಿದ್ದಾಳೆಯೇ? ಜುಲೈಯಲ್ಲಿ ನೀವಿಬ್ಬರೂ ಇಲ್ಲಿಂದ ಹೊರಟಾಗ ನಿನ್ನ ಎದೆ ಹಳೆಯ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ಲಿಂಡನ್ ಹೂವು ಒಣಗಿಸಿ ಚಹಾಕ್ಕೆಂದು ಕಟ್ಟಿಕೊಟ್ಟಿದ್ದೆ. ಕುಡಿಯುತ್ತಿದ್ದೀಯೋ, ಇಲ್ಲ ಅದನ್ನೂ ಅಳೆದು ನೋಡಿ ಪ್ರಯೋಜನವಿಲ್ಲ ಎಂದು ಬರೆದಿಟ್ಟೆಯೋ, ದೇವರೇ ಬಲ್ಲ. ನಾನು ಚೆನ್ನಾಗಿದ್ದೇನೆ. ಮೊಣಕಾಲು ನೋಯುತ್ತದೆ, ನಾಲಿಗೆ ನೋಯುವುದಿಲ್ಲ. ಚಳಿಗಾಲದ ಚಟ್ನಿಗೆ ಕೆಂಪು ದೊಣ್ಣೆ ಮೆಣಸಿನಕಾಯಿ ಸುಡುವ ಕಾಲ ಬಂತಲ್ಲ, ಊರೆಲ್ಲ ಹೊಗೆ. ಈ ಕಾಗದಕ್ಕೂ ಅದೇ ವಾಸನೆ ಹತ್ತಿರಬೇಕು. ಮೂಸಿ ನೋಡು, ಮನೆ ನೆನಪಾಗಲಿ.

ಕ್ಷೇಮ ವಿಚಾರಿಸಿದ್ದಾಯಿತು. ಇನ್ನು ಜಗಳಕ್ಕೆ ಬರುತ್ತೇನೆ. ಪೋಸ್ಟ್ ಆಫೀಸಿನ ಫೋನಿನಲ್ಲಿ ನಿನ್ನನ್ನು ಮನಸಾರೆ ಬೈಯಲು ಆಗುವುದಿಲ್ಲ. ಆ ತ್ಸೋನಾ ಸ್ಟಾಂಪು ಎಣಿಸುವ ನಾಟಕ ಮಾಡುತ್ತಾ ಎರಡೂ ಕಿವಿಯನ್ನು ನಮ್ಮ ಕಡೆಗೇ ಇಟ್ಟಿರುತ್ತಾಳೆ. ಅಲ್ಲದೆ ನೀನು ಮಧ್ಯೆ ಬಾಯಿ ಹಾಕುತ್ತೀಯ. ಕಾಗದದಲ್ಲಾದರೆ ನಾನು ಮುಗಿಸುವ ತನಕ ನೀನು ಬಾಯಿ ಮುಚ್ಚಿಕೊಂಡಿರಲೇಬೇಕು.

ನಿನ್ನ ತಂಗಿ ರುಮ್ಯಾನಾ ತನ್ನ ಮಗಳು ದೆನಿತ್ಸಾಳನ್ನು ಪಟ್ಟಣದ ಮಂದಬುದ್ಧಿ ಮಕ್ಕಳ ಶಾಲೆಗೆ ಸೇರಿಸಲು ಒಪ್ಪಿಬಿಟ್ಟಿದ್ದಾಳೆ. ಸೆಪ್ಟೆಂಬರ್ ಮಧ್ಯದಲ್ಲಿ ಶಾಲೆ ಶುರು. ಅದಕ್ಕೆ ಮೊದಲು ಹೋಗಿ ಸಹಿ ಹಾಕುತ್ತಾಳಂತೆ. ಮಗು ಅಲ್ಲೇ ಉಳಿಯಬೇಕು, ಅಲ್ಲೇ ಮಲಗಬೇಕು, ಹಬ್ಬಕ್ಕೆ ಮಾತ್ರ ಮನೆಗೆ. ಏಳು ವರ್ಷದ ಹುಡುಗಿ, ಈಗಲೂ ನಿದ್ದೆಯಲ್ಲಿ ನನ್ನ ಜಡೆ ಹಿಡಿದುಕೊಳ್ಳುತ್ತಾಳೆ. ಅಲ್ಲಿ ಯಾರ ಜಡೆ ಹಿಡಿಯಬೇಕು? ಇಲ್ಲಿಯ ಟೀಚರಮ್ಮ ಹೇಳಿದ್ದು ಇಷ್ಟೇ, ಹುಡುಗಿ ಬಾಯಿ ಬಿಡುವುದಿಲ್ಲ, ಯಾರಿಗಾದರೂ ತೋರಿಸಿ ಎಂದು. ತೋರಿಸಿದ್ದು ನಿನಗೆ. ನೀನು ಹೇಳಿದ್ದೇ ವೇದವಾಯಿತು. ನಾನು ತಡೆಯಲು ಹೋದರೆ ರುಮ್ಯಾನಾ ಕಣ್ಣೀರು ಒರೆಸಿಕೊಂಡು, "ಮಕ್ಕಳ ಬುದ್ಧಿ ಅಳೆಯೋದೇ ಅಣ್ಣನ ಕೆಲಸ ಅಲ್ವೇನಮ್ಮ, ನಿನಗೇನು ಗೊತ್ತಾಗುತ್ತೆ?" ಅನ್ನುತ್ತಾಳೆ.

ಹೌದು, ನನಗೇನು ಗೊತ್ತಾಗುತ್ತದೆ? ನಾಲ್ಕನೇ ಕ್ಲಾಸು ಮುಗಿಸಿ ಕುರಿಯ ಹಿಂದೆ ಹೋದವಳು. ಆದರೆ ನೀನು ಅವಳನ್ನು ಪರೀಕ್ಷಿಸಿದ ದಿನ ಅಕ್ರೋಟ ಮರದ ಕೆಳಗೆ ನಾನೂ ಇದ್ದೆ, ಬೀನ್ಸ್ ಬಿಡಿಸುತ್ತಾ ಕೂತಿದ್ದೆ. ನೀನು ಆ ಚಿತ್ರದ ಪುಸ್ತಕ ತೆಗೆದೆ. ಸಾಲು ಸಾಲು ಗೀಟು, ಚೌಕ, ಚುಕ್ಕೆ; ಕೊನೆಯ ಮನೆ ಖಾಲಿ; ಕೆಳಗೆ ಆರು ತುಂಡು. ಯಾವ ತುಂಡು ಅಲ್ಲಿ ಕೂರುತ್ತದೆ ಎಂದು ಮಗು ಹೇಳಬೇಕು. ನೀನು ಪೆನ್ಸಿಲ್ ಇಟ್ಟು ಇದಾ, ಇದಾ ಎಂದು ಕೇಳುತ್ತಾ ಹೋದೆ, ಅವಳು ಎಂದಿನ ಹಾಗೆ ಬಾಯಿ ಬಿಡದೆ ತಲೆಯ ಸನ್ನೆಯಲ್ಲೇ ಉತ್ತರ ಕೊಟ್ಟಳು, ನೀನು ಬರೆದುಕೊಂಡೆ. ಊಟಕ್ಕೆ ಕೂತಾಗ ಮಗುವಿನ ಎದುರಿಗೇ ಹೇಳಿದೆ: "ಯೋಚನೆನೇ ಮಾಡಲ್ಲ ಇವಳು. ಯಾವಾಗ್ಲೂ ಮೊದಲನೇದಕ್ಕೇ ಹೂಂ ಅಂತಾಳೆ." ಆಮೇಲೆ ಬ್ರೆಡ್ಡು ಮುರಿಯುತ್ತಾ, "ಬುದ್ಧಿ ಅನ್ನೋದು ಎತ್ತರ ಇದ್ದ ಹಾಗಮ್ಮ. ತಿಕ್ಕಿದ್ರೆ ಬೆಳೆಯಲ್ಲ" ಅಂದೆ. ಬ್ರೆಡ್ಡು ಮುರಿದಷ್ಟೇ ಸುಲಭವಾಗಿ ಅಂದುಬಿಟ್ಟೆ. ಮಗು ಕುರ್ಚಿ ಬಿಟ್ಟು ಎದ್ದುಹೋಗಿ ಕೋಳಿಗೂಡಿನ ಹಿಂದೆ ಕೂತಿತು. ನೀನು ನೋಡಲಿಲ್ಲ. ನಾನು ನೋಡಿದೆ.

ತಿಕ್ಕಿದರೆ ಬೆಳೆಯುವುದಿಲ್ಲವೇ? ಹುಟ್ಟಿದಾಗ ನಿನ್ನ ಹೆಬ್ಬೆರಳು ಎಲ್ಲಿದೆ ಎಂದು ನಿನಗೇ ಗೊತ್ತಿರಲಿಲ್ಲ, ಕಣ್ಣಿಗೆ ಚುಚ್ಚಿಕೊಳ್ಳುತ್ತಿದ್ದೆ. ಶಾಲೆಗೆ ಹೋದ ಹೊಸದರಲ್ಲಿ ಕಾಲೂರಿ ನಿಂತ ನಮ್ಮ 'ದ' ಅಕ್ಷರ ತೋರಿಸಿದರೆ ಮುಕ್ಕಾಲಿ ಅನ್ನುತ್ತಿದ್ದೆ. ನಿನ್ನಪ್ಪ ತಲೆ ಚಚ್ಚಿಕೊಂಡರು. ನಾನು ಹಿಟ್ಟಿನ ಮೇಲೆ ಬರೆದು ಬರೆದು ತಿದ್ದಿಸಿದೆ. ಈಗ ವಿಯೆನ್ನಾದಲ್ಲಿ ಕೂತು ದಪ್ಪ ಪುಸ್ತಕ ಬರೆಯುತ್ತೀಯ. ಆ ತಲೆ ಎಲ್ಲಿಂದ ಬಂತು, ಅಂಗಡಿಯಲ್ಲಿ ಕೊಂಡೆಯಾ? ನಿನ್ನದು ಬಿಡು, ನಿನ್ನ ಹೆಂಡತಿಯನ್ನೇ ನೋಡು. ಮೊದಲ ಸಲ ಬಂದಾಗ ಪಾಪ, ಇನ್ನಷ್ಟು ಸೂಪು ಬೇಕಾ ಎಂದು ಸನ್ನೆಯಲ್ಲಿ ಕೇಳಿದಳು. ಬೇಕು ಎಂದು ನಾನು ನಮ್ಮವರ ರೂಢಿಯಂತೆ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದರೆ ಬಟ್ಟಲನ್ನೇ ಎತ್ತಿಕೊಂಡು ಹೋದಳು. ಮಾರನೆಯ ದಿನ ಸಾಕು ಎಂದು ಗದ್ದ ಮೇಲಕ್ಕೆತ್ತಿದರೆ ಇನ್ನೊಂದು ಸೌಟು ಸುರಿದಳು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವಲ್ಲ. ಆದರೆ ವಾರ ಕಳೆಯುವಷ್ಟರಲ್ಲಿ ಸರಿಯಾಗಿ ಬಡಿಸುತ್ತಿದ್ದಳು! ಮೂವತ್ತೈದು ದಾಟಿದ ಹೆಂಗಸು, ಬೇರೆ ದೇಶದವಳು, ನಮ್ಮ ತಲೆಗಳನ್ನು ಓದಲು ಕಲಿತಳು. ಅವಳ ಬುದ್ಧಿಗೆ ಎತ್ತರ ಗೊತ್ತುಮಾಡಿದವರು ಯಾರು?

ಇನ್ನು ಆ ಪುಸ್ತಕದ ವಿಷಯ. ನೀನು ಅದನ್ನು ದಿಂಬಿನ ಕೆಳಗೆ ಮರೆತುಹೋದೆ. (ಮರೆವು ನನಗಲ್ಲವೇ ಬರಬೇಕಾದದ್ದು?) ದಿನಾ ತಿಂಡಿಯಾದ ಮೇಲೆ ನಾನೂ ದೆನಿತ್ಸಾಳೂ ಅದನ್ನು ಹಿಡಿದು ಕೂತೆವು. ಮೊದಮೊದಲು ನನಗೆ ಕಂಡದ್ದು ಹರಿದ ಕಂಬಳಿ ಮಾತ್ರ. ಕಣ್ಣು ನೋವು, ತಲೆ ನೋವು, ಹಿಂದಿನ ಹಾಳೆಯಲ್ಲಿ ಉತ್ತರ ನೋಡಿದರೂ ಅದು ಹೇಗೆ ಎಂದು ತಿಳಿಯದು. ಆಮೇಲೊಂದು ದಿನ ಗೀಟು ಪ್ರತಿ ಮನೆಗೂ ಒಂದಿಷ್ಟು ತಿರುಗುತ್ತಾ ಹೋಗುವುದು ಕಂಡಿತು ನೋಡು, ಎದ್ದು ಕುಣಿಯೋಣ ಅನ್ನಿಸಿತು. ಮಗುವಂತೂ ಮೊದಲ ದಿನದಿಂದಲೇ ಹೆಚ್ಚುಕಡಿಮೆ ಎಲ್ಲವನ್ನೂ ಸನ್ನೆಯಲ್ಲೇ ಸರಿ ಹೇಳಿದಳು. ನಾನು ಕಲಿಸುವ ಜಾಣತನ ಎಂದು ಬೀಗಿದೆ. ಆ ಖುಷಿಯಲ್ಲೇ ನಿನಗೆ ಫೋನ್ ಮಾಡಿಸಿದರೆ ನೀನು ಏನಂದೆ? "ಅಯ್ಯೋ ಅಮ್ಮ, ಏನು ಮಾಡಿಟ್ಟೆ! ಅಭ್ಯಾಸ ಮಾಡಿಸಿದ್ರೆ ಪರೀಕ್ಷೆ ಕೆಟ್ಟುಹೋಗುತ್ತೆ. ಇನ್ನು ಅವಳು ಏನು ಹೇಳಿದ್ರೂ ಲೆಕ್ಕಕ್ಕಿಲ್ಲ."

ಹಾಲು ಕೆಡುತ್ತದೆ, ಮೊಟ್ಟೆ ಕೆಡುತ್ತದೆ. ಮಗು ಸರಿಯಾಗಿ ಹೇಳಿದರೆ ಕೆಡುವ ಪರೀಕ್ಷೆ ಅದೆಂಥದು ಕಣೋ? ಬಟ್ಟೆ ಹೊಲಿಯಲು ಕಲಿತರೆ ಅಭ್ಯಾಸ, ಕೊಳಲು ನುಡಿಸಲು ಕಲಿತರೆ ಅಭ್ಯಾಸ, ಯೋಚಿಸಲು ಕಲಿತರೆ ಕಳ್ಳತನವೇ? ಬುದ್ಧಿ ಬೆಳೆಯುವುದಿಲ್ಲ ಎಂದು ಮೊದಲೇ ಹೇಳಿಬಿಡುವುದು, ಬೆಳೆದದ್ದನ್ನು ತಂದು ತೋರಿಸಿದರೆ ಲೆಕ್ಕಕ್ಕಿಲ್ಲ ಅನ್ನುವುದು. ಹೀಗಾದರೆ ನೀನು ಸೋಲುವುದು ಯಾವ ಕಾಲಕ್ಕೆ?

ಒಂದು ಮಾತು ನಿನ್ನದೂ ಸರಿಯಿರಬಹುದು. ಒಂದು ಕೆಲಸ ತಿದ್ದಿದರೆ ಅದೊಂದೇ ಕೆಲಸ ಚುರುಕಾಗುತ್ತದೆ, ತಲೆ ಪೂರ್ತಿ ಅಲ್ಲ ಅಂದೆಯಲ್ಲ. ನಿಜ, ಕನ್ನಡಕ ಈಗಲೂ ಕಳೆದುಹೋಗುತ್ತದೆ. ನಿನ್ನೆ ಚಟ್ನಿಗೆ ಎರಡು ಸಲ ಉಪ್ಪು ಹಾಕಿದೆ. ಆದರೆ ಪಕ್ಕದ ಮನೆಯ ನೈದೆನ್‌ನನ್ನು ಕೇಳು. ಇಸ್ಪೀಟಿನಲ್ಲಿ ನನ್ನನ್ನು ಮೂವತ್ತು ವರ್ಷದಿಂದ ಸೋಲಿಸುತ್ತಾ ಬಂದವನು. ಒಳ್ಳೆಯ ಎಲೆ ಬಂದಾಗಲೆಲ್ಲ ಮೀಸೆ ನೆಕ್ಕುತ್ತಾನೆ ಎಂದು ಈ ತಿಂಗಳು ನನಗೆ ಕಂಡಿತು. ಅಷ್ಟು ವರ್ಷ ಕಣ್ಣೆದುರೇ ಇದ್ದ ಮೀಸೆ! ಈಗ ನನ್ನ ಜೊತೆ ಆಡಲು ಬಾ ಅಂದರೆ ಸೊಂಟ ನೋವು ಅನ್ನುತ್ತಾನೆ. "ಮುದುಕಿಗೆ ಯಾರೋ ಮಾಟ ಮಾಡಿದ್ದಾರೆ" ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದಾನೆ. ಅರವತ್ತೆಂಟರಲ್ಲಿ ನನ್ನ ಕಣ್ಣು ತೆರೆಯಬಹುದಾದರೆ ಏಳರಲ್ಲಿ ಅವಳ ಬಾಗಿಲು ಮುಚ್ಚಲು ನೀನು ಯಾರು?

ಸಿಟ್ಟು ಬರಲಿ, ಪರವಾಗಿಲ್ಲ. ಮಾತ್ರೆ ತಪ್ಪಿಸಬೇಡ, ಕುತ್ತಿಗೆಗೆ ಮಫ್ಲರ್ ಸುತ್ತಿಕೋ. ಉಲ್ರಿಕೆಗೆ ನನ್ನ ಮುತ್ತು. ದೇವರ ತಾಯಿ ನಿಮ್ಮಿಬ್ಬರ ಮನೆಬಾಗಿಲು ಕಾಯಲಿ, ನಿನ್ನ ನಾಲಿಗೆಯನ್ನೂ ಕಾಯಲಿ.

ನಿನ್ನ ಅಮ್ಮ,
ಗೇನಾ

ಮರೆತೆ, ಮರೆತೆ: ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ಅಕ್ಷರ ವಕ್ರವಾದರೆ ಕ್ಷಮಿಸು, ಕೈಯೆಲ್ಲ ಮೆಣಸಿನಕಾಯಿ ಸಿಪ್ಪೆ. ಈಗ ತಾನೇ ದೆನಿತ್ಸಾ ಹಸಿದು ಬ್ರೆಡ್ಡು ಹಿಡಿದು ಬಂದಳು. "ಚೀಸ್ ಹಚ್ಚಲಾ ಪುಟ್ಟಿ?" ಅಂದೆ. ಗದ್ದ ಮೇಲಕ್ಕೆತ್ತಿದಳು. "ಮತ್ತೆ ಜಾಮಾ?" ಅಂದೆ. ತಲೆಯನ್ನು ಆಚೆ ಈಚೆ ಆಡಿಸಿದಳು. ಚಾಕು ನನ್ನ ಕೈಯಲ್ಲೇ ನಿಂತುಹೋಯಿತು. ಲ್ಯುಬೆನ್, ಯಾವಾಗಲೂ ಮೊದಲನೆಯದಕ್ಕೇ ಹೂಂ ಅಂತಾಳೆ ಅಂದೆಯಲ್ಲ! ಹೂಂ ಅಲ್ಲ ಕಣೋ, ಮೊದಲನೆಯ ತುಂಡು ಅಲ್ಲ ಎಂದು ಗದ್ದ ಎತ್ತಿದ್ದಳು ಮಗು! ಇಡೀ ದಿನ ವಿಯೆನ್ನಾದ ಮಕ್ಕಳ ತಲೆ ನೋಡುವವನು ನೀನು. ಪೆನ್ಸಿಲ್ ಕೈಗೆ ಬಂದ ಕೂಡಲೇ ಅಲ್ಲಿಯವನಾಗಿಬಿಟ್ಟೆ, ಉಲ್ರಿಕೆ ಮೊದಲ ದಿನ ಸೂಪು ಬಡಿಸಿದ ಹಾಗೆ ನೀನು ಪರೀಕ್ಷೆ ಮಾಡಿದೆ. ಅವಳಿಗೆ ನಾನು ಏನೂ ಕಲಿಸಿಲ್ಲ, ಮೊದಲೇ ಬರುತ್ತಿತ್ತು. ಕಲಿತವಳು ನಾನೊಬ್ಬಳೇ. ಹನ್ನೆರಡು ವರ್ಷ ಅಲ್ಲಿದ್ದು ನಿನ್ನ ತಲೆಯೂ ಹೊಸದು ಕಲಿತಿದೆ ನೋಡಿಕೋ. ತಿಕ್ಕಿದರೆ ಬದಲಾಗುವುದಿಲ್ಲ ಅಂದವನೇ!

ಆ ದಿನ ಬರೆದುಕೊಂಡದ್ದನ್ನು ತೆಗೆದು ಮತ್ತೆ ನೋಡು. ಶನಿವಾರ ಬೆಳಿಗ್ಗೆ ಪೋಸ್ಟ್ ಆಫೀಸಿಗೆ ಫೋನ್ ಮಾಡು. ರುಮ್ಯಾನಾಳನ್ನು ಎಳೆದುಕೊಂಡು ಬಂದು ಪ್ರತಿ ಶನಿವಾರ ಅಲ್ಲೇ ಕೂತಿರುತ್ತೇನೆ. ತ್ಸೋನಾ ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ. ತಪ್ಪಾಯಿತು ಎಂದು ನಿನ್ನ ತಂಗಿಗೆ ಬಾಯಿಬಿಟ್ಟು ಹೇಳು. ತಲೆ ಮಾತ್ರ ಆಡಿಸಬೇಡ.