ನನ್ನ ಹಸಿರು ಶೀಟ್

ನವೆಂಬರ್ 4, ಸಂಜೆ

ಓದುವ ಪರೀಕ್ಷೆಯ ಫಲಿತಾಂಶ ಮೊಬೈಲಿನ ಶೀಟಿನಲ್ಲಿ ತುಂಬಿ ಮುಗಿಸಿದೆ. ಓದಬಲ್ಲ ಮಗು ಹಸಿರು, ಓದಲಾರದ್ದು ಕೆಂಪು. ನನ್ನ ಮೂರನೇ ತರಗತಿ ‘ಬಿ’—ಇಪ್ಪತ್ತೆರಡೂ ಹಸಿರು. ಅದರಲ್ಲಿ ಹನ್ನೊಂದು ಸುಳ್ಳು. ಹೋದ ವರ್ಷ ಕೆಂಪು ಬಂದ ಶಿಕ್ಷಕರನ್ನು ಮೀಟಿಂಗಿನಲ್ಲಿ ಎದ್ದು ನಿಲ್ಲಿಸಿದ್ದರಲ್ಲ, ನಾನೂ ನಿಂತಿದ್ದೆ. ಇನ್ನೊಮ್ಮೆ ಆಗುವುದಿಲ್ಲಪ್ಪ.

‘ಎ’ ವಿಭಾಗದ ಮರುಳಸಿದ್ದಮ್ಮ ಟೀಚರ್ ಒಂಬತ್ತು ಕೆಂಪು ಹಾಕಿದ್ದಾರೆ. ಚಿಕ್ಕಂದಿನಲ್ಲಿ ನನಗೇ ಅಕ್ಷರ ತಿದ್ದಿಸಿದವರು. ಮಾರ್ಚಿಗೆ ರಿಟೈರ್ ಆಗುತ್ತಾರೆ. “ಇದ್ದದ್ದು ಹಾಕೀನವ್ವ. ಆ ಹುಡುಗ್ರಿಗೆ ಸಹಾಯ ಬರ್ತೈತಂತಲ್ಲ” ಅಂದರು. ಮುಖ ನೋಡಲಾಗದೆ ಟಿಫಿನ್ ಡಬ್ಬಿ ತೊಳೆಯಲು ಹೋದೆ.

ನವೆಂಬರ್ 19

ಆರ್ಡರ್ ಬಂತು. ಹರಪನಹಳ್ಳಿಯಲ್ಲಿ ತರಬೇತಿ. ಕೆಂಪಿನವರು ಕಲಿಯಬೇಕು, ಪೂರ್ತಿ ಹಸಿರಿನವರು ಕಲಿಸಬೇಕು. ಕಲಿಯುವವರಲ್ಲಿ ಟೀಚರ್. ಕಲಿಸುವವರಲ್ಲಿ ನಾನು...

ಟೀಚರ್ ಬೇಜಾರಾಗಿರುತ್ತಾರೆ ಅಂದುಕೊಂಡರೆ ಹೊಸ ನೋಟ್‌ಬುಕ್ ಹಿಡಿದು ನನ್ನ ಕ್ಲಾಸಿಗೇ ಬಂದರು!

“ಯಶೋಧಾ, ನಮ್ಮ ಹುಲುಗೇಶಗ ಒತ್ತಕ್ಷರ ತಲಿಗೆ ಹತ್ತವಲ್ದು. ನೀ ಹ್ಯಾಂಗ ಕಲಿಸಿದಿ? ಹೇಳವ್ವ, ಬರ್ಕೊಂತೀನಿ.”

“ನಾಳಿ ಹೇಳ್ತೀನ್ರಿ ಟೀಚರ್.”

ನವೆಂಬರ್ 24

ಇಷ್ಟು ದಿನ ತಪ್ಪಿಸಿಕೊಂಡು ಓಡಾಡಿದೆ. ಇವತ್ತು ಟೀಚರ್ ಹುಲುಗೇಶನನ್ನೇ ಕರೆತಂದು ನಮ್ಮ ಅರ್ಚನಾಳ ಪಕ್ಕ ಕೂರಿಸಿದರು. “ಚೊಲೋ ಓದೋರ ಬಾಜೂ ಕುಂತ್ರ ಕಲಿತಾನ.” ಪಾಪ, ಅರ್ಚನಾಗೆ ‘ಅಕ್ಕ’ ಅಂತ ಓದಲೂ ಬಾರದು. ಇಬ್ಬರೂ ಪುಸ್ತಕ ನೋಡಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ನನಗೆ ಅಳು ತಡೆಯಲಾಗಲಿಲ್ಲ. ಟೀಚರನ್ನು ವರಾಂಡಕ್ಕೆ ಕರೆದು ಎಲ್ಲ ಹೇಳಿಬಿಟ್ಟೆ.

ಟೀಚರ್ ಕಿಟಕಿಯಿಂದ ಆ ಇಬ್ಬರನ್ನೂ ನೋಡಿದರು. “ಆ ಕೂಸುಗಳಿಗೆ ಮೋಸ ಆತಲ್ಲವ್ವ...” ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆಮೇಲೆ ಸೆರಗಿನಿಂದ ನನ್ನ ಕಣ್ಣೊರೆಸಿ, “ಎಷ್ಟು ಅದಾವ ನಿನ್ನವು?”

“ಹನ್ನೊಂದ್ರಿ.”

“ನನ್ನವು ಒಂಬತ್ತು. ಇಪ್ಪತ್ತಾತು. ನಾಳಿಂದ ಮುಂಜಾನೆ ಒಂಬತ್ತು ಗಂಟೆಕ್ಕ ಬಾ, ಇಬ್ರೂ ಕೂಡಿ ಕಲಿಸೋಣು. ಆದ್ರ ಆ ಸುಳ್ಳು ನೀನ ತಿದ್ದಬೇಕು. ನಾ ಬಾಯಿ ಬಿಡಂಗಿಲ್ಲ.”

ಡಿಸೆಂಬರ್ 1, ಬೆಳಿಗ್ಗೆ 10.10, ಹರಪನಹಳ್ಳಿ

ಶೀಟ್ ಲಾಕ್ ಆಗಿದೆ, ಮೊಬೈಲಿನಲ್ಲಿ ತಿದ್ದಲು ಬರುವುದಿಲ್ಲ. ಬಾಯಿಬಿಟ್ಟೇ ಹೇಳಬೇಕು, ಎಲ್ಲರೆದುರು. ಮೈಕ್ ಟೆಸ್ಟ್ ಮಾಡುತ್ತಿದ್ದಾರೆ.

ಟೀಚರ್ ಕಲಿಯುವವರ ಮೊದಲ ಸಾಲಿನಲ್ಲಿದ್ದಾರೆ. ಪಕ್ಕದ ಕುರ್ಚಿಗೆ ಬ್ಯಾಗ್ ಇಟ್ಟು ಜಾಗ ಹಿಡಿದಿದ್ದಾರೆ. ಯಾರೋ ಕೂರಲು ಬಂದರು. “ಇಲ್ಲಿ ನಮ್ಮ ಯಶೋಧಾ ಕುಂದರ್ತಾಳ್ರಿ” ಅಂದರು.

ನನ್ನ ಹೆಸರು ಕರೆದರು. ಹೋಗಿ ಹೇಳಿ, ವೇದಿಕೆಯಿಂದ ಇಳಿದು ಬಂದು, ಆ ಕುರ್ಚಿಯಲ್ಲಿ—